ಗುಲಾಬಿ ಗುಂಡಿಯೋ, ನೀಲಿ ಗುಂಡಿಯೋ?

ನಮ್ಮ ವಿಮಾನ ನಿಲ್ದಾಣಗಳಲ್ಲಿ ತಪಾಸಣೆಗೆ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಅಮೆರಿಕದಲ್ಲಿ ಸಾಲು ಒಂದೇ. ಆದರೆ ಸ್ಕ್ಯಾನರ್ ಒಳಗೆ ಕೈ ಮೇಲೆತ್ತಿ ನಿಂತವರನ್ನು ಹೊರಗಿದ್ದ ಸಿಬ್ಬಂದಿ ಒಮ್ಮೆ ನೋಡಿ ಗುಂಡಿ ಒತ್ತುತ್ತಿದ್ದರು. ಹೆಂಗಸು ಅನ್ನಿಸಿದರೆ ಗುಲಾಬಿ, ಗಂಡಸು ಅನ್ನಿಸಿದರೆ ನೀಲಿ. ಮೂರನೆಯ ಗುಂಡಿ ಇರಲಿಲ್ಲ.

ಈ ಯಂತ್ರ ಸುಮಾರು ಒಂದು ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಗಳನ್ನು ಮೈಮೇಲೆ ಹಾಯಿಸುತ್ತದೆ. ಅವು ಬಟ್ಟೆಯನ್ನು ದಾಟುತ್ತವೆ, ಚರ್ಮಕ್ಕೆ ತಾಗಿ ವಾಪಸ್ ಬರುತ್ತವೆ. ಹಾಗೆ ಮೂಡುವ ಚಿತ್ರವನ್ನು ಮೊದಲು ಮನುಷ್ಯರೇ ನೋಡುತ್ತಿದ್ದರು. ಬಟ್ಟೆ ಬಿಚ್ಚಿಸಿ ನೋಡಿದ ಹಾಗಾಯಿತು ಎಂದು ಜನ ಸಿಟ್ಟಾದರು. 2011ರಿಂದ ಆ ಕೆಲಸ ಸಾಫ್ಟ್‌ವೇರ್‌ ಪಾಲಾಯಿತು. ಈಗ ಪರದೆಯ ಮೇಲೆ ಕಾಣುವುದು ಬರೀ ಒಂದು ಬೊಂಬೆಯ ಚಿತ್ರ, ಅನುಮಾನ ಬಂದ ಕಡೆ ಹಳದಿ ಚೌಕ. ಒಳ್ಳೆಯ ಬದಲಾವಣೆಯೇ. ಆದರೆ ಹೋಲಿಸಿ ನೋಡಲು ಸಾಫ್ಟ್‌ವೇರ್‌ಗೆ ಒಂದು ಮಾದರಿ ಬೇಕಲ್ವಾ? ಗುಂಡಿ ಇದ್ದದ್ದು ಅದಕ್ಕೆ.

ಟ್ರಾನ್ಸ್ ಮಹಿಳೆಯೊಬ್ಬರು, ಅಂದರೆ ಹುಟ್ಟಿದಾಗ ಗಂಡೆಂದು ಗುರುತಿಸಿದ್ದರೂ ಹೆಣ್ಣಾಗಿ ಬದುಕುವವರು, ಒಳಗೆ ನಿಂತಿದ್ದಾರೆ ಅನ್ನಿ. ಗುಲಾಬಿ ಒತ್ತಿದರೆ ತೊಡೆಸಂದಿಯಲ್ಲಿ ಹಳದಿ ಚೌಕ, ನೀಲಿ ಒತ್ತಿದರೆ ಎದೆಯ ಮೇಲೆ. ಎದೆಗೆ ಬಿಗಿ ಬಟ್ಟೆ ಕಟ್ಟಿಕೊಳ್ಳುವ ಟ್ರಾನ್ಸ್ ಪುರುಷರಿಗೂ ಇದೇ ಪಾಡು. ತಾನು ಗಂಡೂ ಅಲ್ಲ, ಹೆಣ್ಣೂ ಅಲ್ಲ ಎನ್ನುವವರಿಗಂತೂ ಯಾವ ಗುಂಡಿಯೂ ತಮ್ಮದಲ್ಲ. ಚೌಕ ಬಂದರೆ ಆ ಜಾಗವನ್ನು ಕೈಯಿಂದ ತಡವಿ ನೋಡುತ್ತಾರೆ. 2015ರ ಸೆಪ್ಟೆಂಬರ್‌ನಲ್ಲಿ ಒರ್ಲಾಂಡೊ ನಿಲ್ದಾಣದಲ್ಲಿ ಹೀಗೆ ತಡೆಹಿಡಿಯಲ್ಪಟ್ಟ ಟ್ರಾನ್ಸ್ ಮಹಿಳೆಯೊಬ್ಬರು, ಅಲ್ಲಿಂದಲೇ ಟ್ವೀಟ್ ಮಾಡುತ್ತಾ ಹೋದರು. ಗಂಡಸೆಂದು ಮತ್ತೊಮ್ಮೆ ಸ್ಕ್ಯಾನರ್‌ಗೆ ಹೋಗಿ ಎಂದರಂತೆ. ಅವರ ವಿಮಾನವೂ ತಪ್ಪಿತು.

ಇದು ಒಬ್ಬಿಬ್ಬರ ಕಥೆಯಲ್ಲ. ಅದೇ ವರ್ಷದ ಅಮೆರಿಕದ ಟ್ರಾನ್ಸ್‌ಜೆಂಡರ್ ಸಮೀಕ್ಷೆಯಲ್ಲಿ ಸುಮಾರು 28,000 ಜನ ಉತ್ತರಿಸಿದರು. ಹಿಂದಿನ ಒಂದು ವರ್ಷದಲ್ಲಿ ವಿಮಾನ ನಿಲ್ದಾಣದ ತಪಾಸಣೆ ದಾಟಿದವರಲ್ಲಿ ಶೇ. 43 ಮಂದಿ, ತಮ್ಮ ಲಿಂಗ ಗುರುತಿನ ಕಾರಣಕ್ಕೆ ಒಂದಲ್ಲ ಒಂದು ತೊಂದರೆ ಆಯಿತು ಎಂದರು. ಇದು ತಪಾಸಣೆ ದಾಟಿದವರ ಲೆಕ್ಕ ಮಾತ್ರ, ಗಮನಿಸಿ. ಈ ಕಿರಿಕಿರಿಗೆ ಹೆದರಿ ವಿಮಾನದ ಸಹವಾಸವೇ ಬೇಡ ಎಂದವರು ಈ ಅಂಕಿಯೊಳಗೆ ಬರುವುದೇ ಇಲ್ಲ. ದೂರುಗಳನ್ನು ಎಣಿಸಿದರೂ ಇದೇ ಗೋಳು. ಅವಮಾನ ಆದವರೆಲ್ಲ ಕೂತು ದೂರು ಬರೆಯುವುದಿಲ್ಲ.

ಹಾಗಾದರೆ ಯಂತ್ರದಿಂದಲೇ ಲೆಕ್ಕ ತೆಗೆಯಬಹುದಲ್ಲ? ನನ್ನ ತಕರಾರು ಇರುವುದೇ ಇಲ್ಲಿ. ತಪಾಸಣೆ ನಡೆಸುವ ಸಂಸ್ಥೆ ಟಿಎಸ್‌ಎ. ಯಾರನ್ನು ಹೆಚ್ಚಿನ ತಪಾಸಣೆಗೆ ಕಳಿಸಲಾಯಿತು ಎಂಬ ಮಾಹಿತಿಯನ್ನು ಅದು ಕಲೆಹಾಕುತ್ತಲೇ ಇಲ್ಲ ಎಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2022ರಲ್ಲಿ ಹೇಳಿತು. ಪೇಟ ಕಟ್ಟುವವರು, ದಟ್ಟ ಕೂದಲಿನ ಕಪ್ಪು ಮಹಿಳೆಯರು ಕೂಡ ಇಂಥದ್ದೇ ದೂರು ಹೇಳುತ್ತಾ ಬಂದಿದ್ದಾರೆ.

ಅದೇ ವರ್ಷದ ಮಾರ್ಚ್‌ನಲ್ಲಿ ಟಿಎಸ್‌ಎ ಗಂಡು-ಹೆಣ್ಣು ಗುಂಡಿಯೇ ಬೇಡದ ಹೊಸ ಸಾಫ್ಟ್‌ವೇರ್ ತರುವುದಾಗಿ ಘೋಷಿಸಿತು. ಅಂದರೆ ಗುಂಡಿ ಅನಿವಾರ್ಯವೇನೂ ಆಗಿರಲಿಲ್ಲ. ಹೊಸದರಿಂದ ಸುಳ್ಳು ಎಚ್ಚರಿಕೆಗಳು ಕಡಿಮೆಯಾಗುತ್ತವೆ ಎಂದೂ ಹೇಳಿತು. ಅದನ್ನು ಹೊರಗಿನವರು ಪರೀಕ್ಷಿಸಲು ಬೇಕಾದದ್ದು ಸ್ವಲ್ಪವೇ: ಚೌಕ ಮೈಯ ಯಾವ ಭಾಗದಲ್ಲಿ ಬಂತು, ತಡವಿದಾಗ ಏನಾದರೂ ಸಿಕ್ಕಿತೇ, ಆಗ ಯಾವ ಸಾಫ್ಟ್‌ವೇರ್ ಓಡುತ್ತಿತ್ತು. ಇದಕ್ಕೆ ಪ್ರಯಾಣಿಕರ ಹೆಸರೂ ಬೇಡ, ಲಿಂಗವೂ ಬೇಡ.