ನಾಯಿ ಮುಂದೆ, ಕೊಪ್ಪೆ ಹಿಂದೆ

ಮಲೆನಾಡಿನಲ್ಲಿ ನಾಯಿಯನ್ನು ಯಾರೂ ವಾಕಿಂಗ್ ಕರೆದುಕೊಂಡು ಹೋಗುವುದಿಲ್ಲ. ಅದೇ ಹೋಗುತ್ತದೆ, ಅದೇ ಬರುತ್ತದೆ. ಹಾಗಾಗಿ ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೆಳೆದ ಲ್ಯಾಬ್ರಡಾರನ್ನು ಊರಿಗೆ ತಂದು, ಕೊರಳಿಗೆ ಬೆಲ್ಟು, ಕೈಯಲ್ಲಿ ಚೈನು ಹಿಡಿದು ತೋಟದ ದಾರಿಯಲ್ಲಿ ಹೊರಟ ಮೊದಲ ದಿನ ನಾನು ಊರಿಗೇ ತಮಾಷೆಯಾದೆ. ಚೈನಿಗೆ ಕಾರಣವಿತ್ತು: ನಮ್ಮ ಕಡೆ ಚಿರತೆಗೆ ನಾಯಿಯೆಂದರೆ ಹಬ್ಬದೂಟ. ನನ್ನ ವೇಷಕ್ಕೂ ಕಾರಣವಿತ್ತು. ಆರಿದ್ರಾ ಮಳೆ ಹಿಡಿದಿತ್ತು, ನಾನು ಸಾವಿರಾರು ರೂಪಾಯಿಯ, ‘ಉಸಿರಾಡುವ’ ಬಟ್ಟೆಯ ಜಾಕೆಟ್ ತೊಟ್ಟಿದ್ದೆ. ಬೇಲಿಯ ದಣಪೆ ದಾಟುವಾಗ ಪಕ್ಕದ ಮನೆಯ ದೊಡ್ಡಪ್ಪ ಎಲೆಯಡಿಕೆ ಉಗಿದು ಕೇಳಿದರು, “ಎಂತ ಮಾರಾಯ, ನಾಯಿ ತಿರುಗ್ಸಕ್ಕೆ ಇಷ್ಟೆಲ್ಲ ವೇಷನಾ?”

ಮುಕ್ಕಾಲು ಗಂಟೆ ಬಿಟ್ಟು ಮರಳಿದಾಗ ಜಾಕೆಟ್ಟಿನ ಒಳಗೆ ಅಂಗಿ ಮೈಗೆ ಅಂಟಿಕೊಂಡಿತ್ತು. ಹೊರಗಿನ ನೀರು ಒಂದು ಹನಿಯೂ ಬಂದಿರಲಿಲ್ಲ, ಎಲ್ಲ ನನ್ನದೇ ಬೆವರು. ದೊಡ್ಡಪ್ಪ ಅದನ್ನೂ ನೋಡಿದರು. “ಒಳಗೇ ನೆನೆಯೋದಾದ್ರೆ ಅಷ್ಟು ದುಡ್ಡು ಯಾಕೆ ಕೊಟ್ಟೆ? ಹೊರಗೆ ಪುಕ್ಕಟೆ ನೆನೀಬಹುದಿತ್ತಲ.”

ಈ ಮಾತಿಗೆ ಭೌತವಿಜ್ಞಾನದಲ್ಲಿ ಉತ್ತರ ಹುಡುಕಲು ಹೋಗಿ ನಾನು ಒಂದು ಮಳೆಗಾಲ ಪೂರ್ತಿ ಕಳೆದೆ.

ಮೊದಲಿಗೆ ನಡಿಗೆಯ ವಿಚಾರ. ನಾಯಿಯ ಜೊತೆಗಿನ ನಡಿಗೆ ನಮ್ಮ ನಡಿಗೆಯಲ್ಲ. ಇಪ್ಪತ್ತು ಹೆಜ್ಜೆ ಎಳೆದುಕೊಂಡು ಓಡುತ್ತದೆ, ಆಮೇಲೆ ಒಂದು ಅಡಿಕೆ ಮರದ ಬುಡದಲ್ಲಿ ಯಾವುದೋ ಪುರಾಣ ಓದುವವರ ಹಾಗೆ ನಾಲ್ಕು ನಿಮಿಷ ಮೂಸುತ್ತ ನಿಲ್ಲುತ್ತದೆ. ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 100 ವ್ಯಾಟ್ ಶಾಖ ಹೊರಬಿಡುತ್ತದೆ, ಹಳೇ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಬೀಸುನಡಿಗೆಯಲ್ಲಿ ಅದು 250-300 ವ್ಯಾಟ್‌ಗೆ ಏರುತ್ತದೆ. ಬಟ್ಟೆಯ ಬೆಚ್ಚಗೆ ಅಳೆಯಲು ವಿಜ್ಞಾನಿಗಳು 1941ರಲ್ಲಿ ‘ಕ್ಲೋ’ ಎಂಬ ಮಾನ ತಂದರು. 21 ಡಿಗ್ರಿಯ ಕೋಣೆಯಲ್ಲಿ ಕೂತವನಿಗೆ ಹಿತವೆನಿಸುವಷ್ಟು ಬಟ್ಟೆ ಅಂದರೆ ಒಂದು ಕ್ಲೋ, ಹೆಚ್ಚುಕಡಿಮೆ ಒಂದು ಸೂಟು. ಆದರೆ ಕೂತವನಿಗೆ ಸರಿಯಾದ ಕ್ಲೋ ನಡೆಯುವವನಿಗೆ ಸೆಕೆ. ನಡೆಯುವವನಿಗೆ ಸರಿಯಾದದ್ದು ನಿಂತವನಿಗೆ ಚಳಿ. ನಾಯಿಯ ಹಿಂದೆ ಹೋಗುವವನು ಹತ್ತು ನಿಮಿಷಕ್ಕೆ ಎರಡು ಸಲ ನಡೆಯುವವನೂ ಆಗುತ್ತಾನೆ, ನಿಂತವನೂ ಆಗುತ್ತಾನೆ. ನಡೆದಾಗ ಬೆವರು, ನಿಂತಾಗ ಆ ಬೆವರಿನಿಂದಲೇ ನಡುಕ.

ನಡುಕಕ್ಕೂ ಲೆಕ್ಕವಿದೆ. ಮೈಯ ಬಿಸಿಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಹತ್ತಿ ಅಂಗಿ 200 ಗ್ರಾಂ ನೀರು ಕುಡಿದಿದೆ ಎನ್ನಿ. ಅದು ಒಂದು ಗಂಟೆಯಲ್ಲಿ ಮೈಮೇಲೇ ಒಣಗಬೇಕಾದರೆ ಸೆಕೆಂಡಿಗೆ ಸರಾಸರಿ 133 ಜೂಲ್, ಅಂದರೆ 133 ವ್ಯಾಟ್. ನಿಂತ ದೇಹ ಹುಟ್ಟಿಸುವುದಕ್ಕಿಂತ ಹೆಚ್ಚು! ಇದೆಲ್ಲವೂ ಮೈಯಿಂದಲೇ ಹೋಗುವುದಿಲ್ಲ, ಗಾಳಿಯೂ ಒಂದಿಷ್ಟು ಕೊಡುತ್ತದೆ. ಆದರೂ ನೆನೆದ ಬನಿಯನ್ ನಮ್ಮ ಮೈಯಿಂದ ಶಾಖದ ಸಾಲ ಎತ್ತಿಯೇ ಒಣಗುವುದು. ಜೊತೆಗೆ ನೀರು ಗಾಳಿಗಿಂತ ಸುಮಾರು 23 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ನೂಲುಗಳ ಸಂದಿಯಲ್ಲಿ ಗಾಳಿ ಇದ್ದ ಜಾಗಕ್ಕೆ ನೀರು ಬಂತೆಂದರೆ ಬಟ್ಟೆ ಇದ್ದೂ ಇಲ್ಲದ ಹಾಗೆ.

ಹಾಗಾದರೆ ನೀರು ಒಳಗೆ ಬಿಡದ ಬಟ್ಟೆ? ಗ್ಲ್ಯಾಸ್ಗೋದ ಚಾರ್ಲ್ಸ್ ಮ್ಯಾಕಿಂತೋಷ್ 1823ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ನಾಫ್ತಾದಲ್ಲಿ ಕರಗಿಸಿದ ರಬ್ಬರನ್ನು ಎರಡು ಪದರ ಬಟ್ಟೆಯ ನಡುವೆ ಸವರಿ ಅಂಟಿಸಿದ. ಮಳೆ ನಿಂತಿತು, ಬೆವರೂ ಒಳಗೇ ನಿಂತಿತು. ನಮ್ಮ ಪೇಟೆಯ ಪ್ಲಾಸ್ಟಿಕ್ ರೇನ್‌ಕೋಟಿನ ಕಥೆಯೂ ಇವತ್ತಿಗೂ ಅದೇ. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಟೆಫ್ಲಾನ್ ಕಡ್ಡಿಯೊಂದನ್ನು ಬಿಸಿ ಮಾಡಿ ಫಕ್ಕನೆ ಎಳೆದಾಗ ಅದು ಸಣ್ಣ ಸಣ್ಣ ರಂಧ್ರಗಳ ಪೊರೆಯಾಗಿ ಹಿಗ್ಗಿತು. ಆ ರಂಧ್ರಗಳಲ್ಲಿ ನೀರಿನ ಹನಿ ತೂರದು, ಆವಿ ತೂರೀತು. ನನ್ನ ಜಾಕೆಟ್ಟೂ ಈ ವಂಶದ್ದೇ.

ಆದರೆ ಆವಿ ಸುಮ್ಮನೆ ಹೊರಗೆ ಹೋಗುವುದಿಲ್ಲ, ಅದನ್ನು ತಳ್ಳುವವರು ಬೇಕು. ಒಳಗಿನ ಮತ್ತು ಹೊರಗಿನ ಆವಿಯ ಒತ್ತಡದ ವ್ಯತ್ಯಾಸವೇ ಆ ತಳ್ಳುವ ಕೈ. 34 ಡಿಗ್ರಿಯ ಬೆವರಿದ ಚರ್ಮದ ಮೇಲೆ ಆವಿಯ ಒತ್ತಡ ಸುಮಾರು 5.3 ಕಿಲೋಪಾಸ್ಕಲ್. ಯುರೋಪಿನ ಯಾವುದೋ ಗುಡ್ಡದಲ್ಲಿ 8 ಡಿಗ್ರಿಯ ಮಳೆ ಹೊಯ್ಯುವಾಗ ಹೊರಗಿನದು 1.1. ವ್ಯತ್ಯಾಸ 4.2. ನಮ್ಮ ಜುಲೈಯಲ್ಲಿ 22 ಡಿಗ್ರಿ, ಗಾಳಿ ತುಂಬ ತೇವ, ಹೊರಗೇ 2.6 ಕಿಲೋಪಾಸ್ಕಲ್ ಕೂತಿದೆ. ಉಳಿದದ್ದು 2.7 ಮಾತ್ರ. ಅಷ್ಟೇ ಅಲ್ಲ, ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ಆಗುಂಬೆಯ ಕಡೆಯ ಜಡಿಮಳೆಗೆ ಜಾಕೆಟ್ಟಿನ ಮೇಲ್ಬಟ್ಟೆಯೇ ನೆನೆದು ನೀರಿನ ಪದರ ಕಟ್ಟುತ್ತದೆ. ಕಿಟಕಿ ಇದೆ, ಅದರ ಮುಂದೆ ಗೋಡೆ ಎದ್ದಿದೆ. ಜಾಕೆಟ್ ಮೋಸ ಮಾಡಿರಲಿಲ್ಲ, ಅದಕ್ಕೆ ಬೇರೆ ಊರಿನ ಮಳೆ ಗೊತ್ತಿತ್ತು, ಅಷ್ಟೆ.

ಇಲ್ಲಿ ಗೊರಬನ್ನು ನೆನಪಿಸಿಕೊಳ್ಳಬೇಕು. ಬಿದಿರಿನ ಸೀಳುಗಳ ಚೌಕಟ್ಟು, ನಡುವೆ ಒಣ ಎಲೆ. ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನ ಮೇಲೆ ಕವುಚಿಕೊಳ್ಳುವ ಅರ್ಧ ದೋಣಿ. ಬಗ್ಗಿ ನೆಟ್ಟಿ ನೆಡುವ ಹೆಂಗಸರಿಗಾಗಿ ಆದದ್ದು. ಅದು ಬಟ್ಟೆಯಲ್ಲ, ಸೂರು. ಗಡುಸಾದ್ದರಿಂದ ಮೈಗೆ ಅಂಟುವುದಿಲ್ಲ, ಕೆಳಗಿನಿಂದ ಗಾಳಿ ನುಗ್ಗಿ ಆವಿಯನ್ನು ಹೊತ್ತುಕೊಂಡೇ ಹೋಗುತ್ತದೆ. ರಂಧ್ರದ ಪೊರೆ ಒಂದೊಂದೇ ಅಣುವನ್ನು ದಾಟಿಸಲು ಹೆಣಗುವಲ್ಲಿ ಗೊರಬು ಬಾಗಿಲನ್ನೇ ತೆರೆದಿಟ್ಟಿದೆ. ನಾಯಿ ಹಿಡಿದವರಿಗೆ ಇನ್ನೊಂದು ಲಾಭ, ಎರಡೂ ಕೈ ಖಾಲಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೂವತ್ತು ಕಿಲೋದ ನಾಯಿ, ಎದುರಿಗೆ ಅಡ್ಡಗಾಳಿ: ಒಮ್ಮೆ ಮಾಡಿ ನೋಡಿದೆ, ಕೊಡೆ ಅಗಳಕ್ಕೆ ಹಾರಿತು, ನಾನು ಅದರ ಹಿಂದೆ.

ಗೊರಬು ಹಾಕಿಕೊಂಡು ನಡೆದೆ ಎಂದು ಬರೆದರೆ ಚೆಂದ ಕಾಣುತ್ತದೆ. ನಿಜ ಏನೆಂದರೆ ನೆಟ್ಟಗೆ ನಿಂತವನಿಗೆ ಅದು ಸರಿಹೋಗುವುದಿಲ್ಲ, ಎದೆ ನೆನೆಯುತ್ತದೆ. ನಮ್ಮ ಅಟ್ಟದಲ್ಲಿ ಸಿಕ್ಕ ಒಂದೇ ಒಂದಕ್ಕೂ ಗೆದ್ದಲು ಹಿಡಿದಿತ್ತು. ಕೊನೆಗೆ ಒಪ್ಪಿದ್ದು ಕಂಬಳಿ ಕೊಪ್ಪೆ.

ಕಂಬಳಿಯ ಒಂದು ತುದಿಯನ್ನು ಮೂಲೆಗೆ ಮೂಲೆ ಸೇರಿಸಿ ಮಡಚಿ ತಲೆಗೆ ಸಿಕ್ಕಿಸಿದರೆ ಕೊಪ್ಪೆ. ಚಳ್ಳಕೆರೆ ಕಡೆಯಿಂದ ಬರುವ ಕರಿ ಕಂಬಳಿ ದಖ್ಖನಿ ಕುರಿಯ ಒರಟು ತುಪ್ಪಳದ್ದು, ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ನೇಯುತ್ತಾರೆ. ಹೊಸದರಲ್ಲಿ ಹಲಗೆಯ ಹಾಗೆ ನಿಲ್ಲುತ್ತದೆ, ಚುಚ್ಚುತ್ತದೆ. ಆದರೆ ಅದರ ಒಂದೊಂದು ಎಳೆಯೂ ವಿಚಿತ್ರ ಜೀವಿ. ಎಳೆಯ ಹೊರಮೈಯಲ್ಲಿ ಜಿಡ್ಡಿನ ತೆಳು ಪೊರೆಯಿದ್ದು ಹನಿ ಉರುಳುತ್ತದೆ. ಒಳಮೈ ಮಾತ್ರ ಆವಿಗೆ ಬಾಯ್ಬಿಟ್ಟುಕೊಂಡಿದೆ, ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಯೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಪಾಲಿಯೆಸ್ಟರ್ ಹೀರುವುದು ಶೇಕಡಾ ಒಂದಕ್ಕಿಂತ ಕಡಿಮೆ. ಹೀರುವಾಗ ನೀರಿನ ಅಣುಗಳು ಎಳೆಯ ಪ್ರೋಟೀನಿಗೆ ಅಂಟುತ್ತವೆ, ಅಂಟುವಾಗ ಶಾಖ ಬಿಡುತ್ತವೆ. ಒಣಗಿದ ಕಂಬಳಿ ಹೊದ್ದು ಮಳೆಗೆ ಇಳಿದ ಮೊದಲ ಕೆಲವು ನಿಮಿಷ ಅದು ನಿಜವಾಗಿಯೂ ಬೆಚ್ಚಗಾಗುತ್ತದೆ, ಭ್ರಮೆಯಲ್ಲ. ಪೂರ್ತಿ ನೆನೆದ ಮೇಲೂ ಎಳೆಯ ಸುರುಳಿ ಸಾಯದೆ ಗಾಳಿಯ ಗೂಡುಗಳನ್ನು ಅಷ್ಟಿಷ್ಟು ಉಳಿಸಿಕೊಳ್ಳುತ್ತದೆ. ಹತ್ತಿ ಚಪ್ಪಟೆಯಾಗಿ ಬೀಳುತ್ತದೆ.

ಕೊಪ್ಪೆಗೆ ದೋಷವೂ ಇದೆ. ನೆನೆದರೆ ಭಾರ, ಪುನರ್ವಸು ಮಳೆಯಲ್ಲಿ ಒಣಗಿಸಲು ಬಚ್ಚಲ ಒಲೆಯ ಮೇಲಿನ ಗಳುವೊಂದೇ ಗತಿ. ಅದಕ್ಕೆ ಈಗ ಊರವರು ಮಾಡುವುದನ್ನೇ ನಾನೂ ಮಾಡುತ್ತೇನೆ: ಕಂಬಳಿಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ. ಕೆಳಗೆ ತೆರೆದಿರುವುದರಿಂದ ಗಾಳಿಯಾಡುತ್ತದೆ.

ಕಾಲಿನ ವಿಷಯಕ್ಕೆ ಬಂದರೆ ಗಮ್‌ಬೂಟಿನ ಬಗ್ಗೆ ವಾದವೇ ಬೇಡ. ನಿಂತ ನೀರಿನಲ್ಲಿ ಇಲಿಯ ಮೂತ್ರ ಸೇರಿದರೆ ಇಲಿಜ್ವರದ ಬ್ಯಾಕ್ಟೀರಿಯಾ ಕಾಲಿನ ಸಣ್ಣ ಗಾಯದಿಂದಲೂ ಒಳಗೆ ಹೋಗುತ್ತದೆ. ನಾಯಿಗೂ ಬರುತ್ತದೆ, ಅದಕ್ಕೆ ಲಸಿಕೆಯಿದೆ. ಆದರೆ ಅಗ್ಗದ ಬೂಟಿನ ಗಡಸು ಅಟ್ಟೆ ಪಾಚಿ ಹಿಡಿದ ಜಂಬಿಟ್ಟಿಗೆ ಮೆಟ್ಟಿಲ ಮೇಲೆ ಎಣ್ಣೆ ಸವರಿದಂತೆ ಜಾರುತ್ತದೆ. ಮೆತ್ತನೆ ರಬ್ಬರು, ಆಳದ ಗೀರು ನೋಡಿ ತೆಗೆದುಕೊಳ್ಳಿ. ಇಂಬಳಕ್ಕೆ, ಅಂದರೆ ಜಿಗಣೆಗೆ, ಬೂಟು ಸಾಲದು, ಅದು ಅಳತೆಪಟ್ಟಿಯ ಹಾಗೆ ಮಡಚಿ ಬಿಚ್ಚಿ ಮೇಲೇರಿ ಒಳಗಿಳಿಯುತ್ತದೆ. ಮೊಣಕಾಲವರೆಗಿನ, ಒತ್ತಾಗಿ ನೇಯ್ದ ಬಟ್ಟೆಯ ಕಾಲುಚೀಲ ಒಳಗಿದ್ದರೆ ಅದರ ಹಲ್ಲು ನಾಟುವುದಿಲ್ಲ. ನಮ್ಮ ನಾಯಿಯ ಮೂಗಿನ ಹೊಳ್ಳೆಯೊಳಗೆ ಒಂದು ಸೇರಿಕೊಂಡು ಎರಡು ದಿನ ಸೀನಿಸಿದ ಮೇಲೆ, ಮನೆಗೆ ಬಂದ ಕೂಡಲೇ ನನ್ನ ಕಾಲಿಗಿಂತ ಮೊದಲು ಅವನ ಮೂತಿ ನೋಡುವುದು ರೂಢಿಯಾಗಿದೆ.

ಮಳೆ ಹೋಗಿ ಇಂಬಳ ಅಡಗಿದರೆ ಉಣ್ಣೆಯ ಕಾಲ. ಕನ್ನಡದಲ್ಲಿ ಕುರಿಯ ತುಪ್ಪಳವೂ ಉಣ್ಣೆ, ರಕ್ತ ಹೀರುವ ಉಣುಗೂ ಉಣ್ಣೆ. ಒಂದನ್ನು ತೊಡಬೇಕು, ಇನ್ನೊಂದನ್ನು ತಪ್ಪಿಸಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗುಗಳಿಂದ, ಅದರಲ್ಲೂ ಸಾಸಿವೆ ಕಾಳಿಗಿಂತ ಚಿಕ್ಕದಾದ ಮರಿಗಳಿಂದ. ಮಳೆ ಮುಗಿದು ಎಲೆ ಒಣಗುವ ಕಾಲದಿಂದ ಮೇ ತನಕ ಅವುಗಳ ಹಾವಳಿ. ಈಗ ಕರಿ ಕಂಬಳಿ ಕೆಲಸಕ್ಕೆ ಬಾರದು. ತಿಳಿ ಬಣ್ಣದ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ಬಿಳಿಯ ಮೇಲೆ ಹರಿಯುವ ಚುಕ್ಕೆ ಕಣ್ಣಿಗೆ ಬೀಳುತ್ತದೆ. ದರಗೆಲೆ ತುಂಬಿದ ಕಾಡಿಗೆ ನಾಯಿಯನ್ನು ಬಿಡುವುದೇ ಇಲ್ಲ, ಅವನ ಕಿವಿಯ ಮಡಿಕೆಯಲ್ಲಿ ಸವಾರಿ ಮಾಡಿ ಬಂದದ್ದು ನಡುಮನೆಯ ಚಾಪೆಯಲ್ಲಿ ಇಳಿದೀತು.

ಚಳಿಗಾಲದ ಬಗ್ಗೆ ಹೇಳಲು ಹೆಚ್ಚಿಲ್ಲ. ಸ್ವೆಟರಿಗೆ ಮುಂದೆ ಜಿಪ್ ಇರಲಿ, ನಾಯಿ ನಿಂತಾಗ ಏರಿಸಲು, ಓಡಿದಾಗ ಇಳಿಸಲು. ಮಂಜಿನ ಬೆಳಗಿನಲ್ಲಿ ಡಾಂಬರು ರಸ್ತೆ ದಾಟುವುದಿದ್ದರೆ ಇಬ್ಬರ ಮೇಲೂ ಹೊಳೆಯುವ ಪಟ್ಟಿ ಇರಲಿ. ಅದರೊಳಗಿನ ಗಾಜಿನ ಮಣಿಗಳು ಬೆಳಕನ್ನು ಬಂದ ದಿಕ್ಕಿಗೇ, ಲಾರಿಯವನ ಕಣ್ಣಿಗೇ, ತಿರುಗಿಸಿ ಕಳಿಸುತ್ತವೆ.

ಬೇಸಿಗೆಯಲ್ಲಿ ಲೆಕ್ಕ ತಲೆಕೆಳಗು. ಮಳೆಗಾಲದಲ್ಲಿ ಬೈಸಿಕೊಂಡ ಹತ್ತಿ ಈಗ ಒಳ್ಳೆಯ ಗೆಳೆಯ, ಬೆವರನ್ನು ಹಿಡಿದಿಟ್ಟು ಆವಿ ಮಾಡಿ ಮೈ ತಣಿಸುತ್ತದೆ. ಬಣ್ಣಕ್ಕಿಂತ ಸಡಿಲ ಮುಖ್ಯ. ಮರುಭೂಮಿಯ ಬೆಡುಯಿನ್ನರು ಕರಿ ನಿಲುವಂಗಿ ತೊಟ್ಟೂ ಬೇಯುವುದಿಲ್ಲವೇಕೆ ಎಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಕರಿ ಬಟ್ಟೆ ಹೆಚ್ಚು ಬಿಸಿಲು ಹೀರಿದರೂ ಆ ಹೆಚ್ಚಿನ ಶಾಖ ಬಟ್ಟೆಗೂ ಚರ್ಮಕ್ಕೂ ನಡುವಿನ ಗಾಳಿಯಲ್ಲೇ ಕಳೆದುಹೋಗುತ್ತದೆ, ಮೈಗೆ ಮುಟ್ಟುವುದು ಬಿಳಿ ನಿಲುವಂಗಿಯಲ್ಲಿ ಮುಟ್ಟುವಷ್ಟೇ. ಗೊರಬಿನದೇ ಸೂತ್ರ, ಬಿಸಿಲಿಗೆ ಅನ್ವಯಿಸಿದ್ದು.

ಬೇಸಿಗೆಯಲ್ಲಿ ನಾವು ತೊಡುವುದರಲ್ಲಿ ಅಪಾಯದ್ದು ಚಪ್ಪಲಿ. ಬೆಂಗಳೂರಿನಲ್ಲಿ ಒಂದು ಏಪ್ರಿಲ್ ಮಧ್ಯಾಹ್ನ ನಾನು ಚಪ್ಪಲಿ ಮೆಟ್ಟಿ ಆರಾಮವಾಗಿ ನಡೆದೆ. ಇವನು ಕಾಲು ಎತ್ತಿ ಎತ್ತಿ ಇಡುತ್ತಿದ್ದ, ಹಟ ಮಾಡುತ್ತಿದ್ದಾನೆಂದು ಎಳೆದೆ. ಮನೆಯಲ್ಲಿ ನೋಡಿದರೆ ಅಂಗಾಲಿನ ಚರ್ಮ ಸುಲಿದಿತ್ತು. ಆ ಕೆಂಪು ಇನ್ನೂ ಕಣ್ಣ ಮುಂದಿದೆ. ಈಗ ಹೊರಡುವ ಮೊದಲು ಅಂಗೈಯ ಹಿಂಬದಿಯನ್ನು ರಸ್ತೆಗೆ ಇಟ್ಟು ಏಳರವರೆಗೆ ಎಣಿಸುತ್ತೇನೆ. ಇಡಲಾಗದಿದ್ದರೆ ಸಂಜೆಯ ತನಕ ಹೊರಡುವುದಿಲ್ಲ. ನಾಯಿಗೆ ಬೆವರುವ ಗ್ರಂಥಿಗಳು ಹೆಚ್ಚಾಗಿ ಇರುವುದು ಅಂಗಾಲಿನಲ್ಲೇ, ಅದರಿಂದ ಮೈ ತಣಿಯುವುದು ಅಷ್ಟಕ್ಕಷ್ಟೆ. ಅವನಿಗೆ ತಂಪು ಬರುವುದು ಏದುಸಿರಿನಿಂದ, ನಾಲಿಗೆ ಮತ್ತು ಶ್ವಾಸದಾರಿಯ ತೇವ ಆವಿಯಾಗಿ.

ಅದಕ್ಕೇ ನಾಯಿಯ ರೇನ್‌ಕೋಟು ಕಂಡರೆ ನನಗೆ ಅನುಮಾನ. ಮುಧೋಳದ ನಾಯಿಯಂಥ ತೆಳು ಮೈಯವಕ್ಕೆ ಸರಿ. ಎರಡು ಪದರ ರೋಮದ ಲ್ಯಾಬ್ರಡಾರಿಗೆ ನಮ್ಮ 22 ಡಿಗ್ರಿಯ ಮಳೆಯಲ್ಲಿ ಅದೂ ಒಂದು ಮ್ಯಾಕಿಂತೋಷ್. ಅವನ ಹತ್ತಿರ ಬೇರೆ ಉಪಾಯವಿದೆ. ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ಒದ್ದೆ ಪ್ರಾಣಿಗಳು ಮೈ ಕೊಡವುವುದನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು 2012ರಲ್ಲಿ ಲೆಕ್ಕ ಕೊಟ್ಟರು. ಪುಟ್ಟ ಸುಂಡಿಲಿ ಸೆಕೆಂಡಿಗೆ ಸುಮಾರು 29 ಸಲ ಕೊಡವಿದರೆ ಲ್ಯಾಬ್ರಡಾರಿಗೆ ನಾಲ್ಕಕ್ಕಿಂತ ತುಸು ಹೆಚ್ಚು ಸಾಕು. ದೊಡ್ಡ ಮೈಯ ಅಂಚು ನಿಧಾನಕ್ಕೆ ತಿರುಗಿದರೂ ಹನಿಯನ್ನು ಕಿತ್ತೆಸೆಯುವಷ್ಟು ಬಲ ಹುಟ್ಟುತ್ತದೆ. ರೋಮದ ನೀರಿನಲ್ಲಿ ಸುಮಾರು ಶೇಕಡಾ 70 ಕ್ಷಣಾರ್ಧದಲ್ಲಿ ಹೊರಗೆ. ಯಾವ ಕಂಪನಿಯೂ ಇಂಥ ಜಾಕೆಟ್ ಮಾಡಿಲ್ಲ.

ಆ ಶೇಕಡಾ 70 ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವರು ಬರೆದಿದ್ದಾರೋ ಏನೋ, ನಮ್ಮ ಮನೆಯಲ್ಲಿ ಅದು ಜಗಲಿಯ ಗೋಡೆಗೆ, ದೊಡ್ಡಪ್ಪನ ಪಂಚೆಗೆ. ಅವರು ಬೈಯುತ್ತ ಎದ್ದು ಕಂಬಳಿ ಕೊಟ್ಟು ಒರೆಸು ಎಂದರು. ಒರೆಸಿದೆ. ಬಚ್ಚಲ ಒಲೆಯ ಬಳಿ ಅದನ್ನೇ ಹಾಸಿ ಮಲಗಿಸಿದೆ. ಒದ್ದೆ ನಾಯಿಯೂ ಒದ್ದೆ ಕಂಬಳಿಯೂ ಒಟ್ಟಿಗೆ ಬಿಸಿಯಾದಾಗ ಬರುವ ವಾಸನೆಗೆ ಯಾವ ಮಾನದಂಡವೂ ಸಾಲದು. ಮರುದಿನ ಬೆಳಿಗ್ಗೆ ಕಂಬಳಿ ಎಳೆದರೆ ಅವನು ಗುರ್ ಎಂದ. ಚಳ್ಳಕೆರೆಗೆ ಹೋಗುವವರ ಹತ್ತಿರ ಇನ್ನೊಂದು ತರಲು ಹೇಳಿದ್ದೇನೆ.