ಸೆಕೆಗಾಲದ ಡೈನೋ ಲೆಕ್ಕ: ಹಳೆ ಎಂಜಿನ್‌ಗೆ ನಿಜವಾಗಿ ಎಷ್ಟು ಹಾರ್ಸ್‌ಪವರ್ ಸೇರಿತು?

ಹಳೆ ಕಾರಿನ ಎಂಜಿನ್‌ಗೆ ಕೆಲಸ ಮಾಡಿಸಿದವರಲ್ಲಿ ಕೇಳಿ ನೋಡಿ. "ಹತ್ತು ಎಚ್‌ಪಿ ಜಾಸ್ತಿ ಬಂತು ಮಾರಾಯ್ರೆ" ಎನ್ನುತ್ತಾರೆ. ಯಾವುದಕ್ಕಿಂತ ಜಾಸ್ತಿ, ಯಾವಾಗ ಅಳೆದದ್ದು ಎಂದರೆ ಉತ್ತರ ಇರುವುದಿಲ್ಲ. ಸೈಲೆನ್ಸರ್ ಸದ್ದು ಜೋರಾದರೆ ಕಾರು ಕೂಡ ಜೋರಾಗಿದೆ ಅನಿಸುತ್ತದೆ, ಅಷ್ಟೇ. ಮಂಗಳೂರು, ಉಡುಪಿ ಕಡೆ ಆಟೊಮೊಬೈಲ್ ಓದುವವರು ಈ ವಿಷಯದಲ್ಲಿ ಇನ್ನೂ ಸ್ವಲ್ಪ ಜಾಗ್ರತೆ ಮಾಡಬೇಕು. ಕಾರಣ ನಮ್ಮ ಒದ್ದೆ ಗಾಳಿ.

ಉದಾಹರಣೆಗೆ ಎಂಜಿಬಿ ಕಾರನ್ನು ಇಟ್ಟುಕೊಳ್ಳೋಣ. 1962ರಲ್ಲಿ ಬಂದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿ, ನಾಲ್ಕು ಸಿಲಿಂಡರ್, ಗಾಳಿಗೆ ಪೆಟ್ರೋಲ್ ಬೆರೆಸಲು ಎರಡು ಎಸ್‌ಯು ಕಾರ್ಬೊರೇಟರ್. ಕಂಪನಿ ಹೇಳಿದ ಲೆಕ್ಕ 5400 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) 95 ಎಚ್‌ಪಿ, 3000 ಆರ್‌ಪಿಎಂನಲ್ಲಿ ಸುಮಾರು 149 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ.

ಡೈನೋ (ಡೈನಮೊಮೀಟರ್) ಎಂದರೆ ಎಂಜಿನ್‌ನ ಶಕ್ತಿ ಅಳೆಯುವ ಯಂತ್ರ. ಅದು ಹಾರ್ಸ್‌ಪವರನ್ನು ನೇರವಾಗಿ ಅಳೆಯುವುದಿಲ್ಲ. ಟಾರ್ಕ್ ಮತ್ತು ಆರ್‌ಪಿಎಂ ಸಿಕ್ಕಿದ ಮೇಲೆ ಉಳಿದದ್ದು ಗುಣಾಕಾರ:

ಕಿಲೋವ್ಯಾಟ್ = ನ್ಯೂಟನ್ ಮೀಟರ್ × ಆರ್‌ಪಿಎಂ ÷ 9549

ಅದನ್ನು 0.7457ರಿಂದ ಭಾಗಿಸಿದರೆ ಎಚ್‌ಪಿ. 3000 ಆರ್‌ಪಿಎಂನಲ್ಲಿ ಹಾಕಿ ನೋಡಿ, 46.8 ಕಿಲೋವ್ಯಾಟ್, ಅಂದರೆ ಸುಮಾರು 63 ಎಚ್‌ಪಿ ಬರುತ್ತದೆ. 0.7355ರಿಂದ ಭಾಗಿಸಿದರೆ ಬರುವುದು ಪಿಎಸ್, ಅಂದರೆ ಮೆಟ್ರಿಕ್ ಹಾರ್ಸ್‌ಪವರ್. 95 ಎಚ್‌ಪಿ ಎಂದರೆ 96.3 ಪಿಎಸ್. ಮೊದಲಿನದು ಎಚ್‌ಪಿಯಲ್ಲಿ, ಆಮೇಲಿನದು ಪಿಎಸ್‌ನಲ್ಲಿ ಇದ್ದರೆ ಸ್ಪ್ಯಾನರ್ ಮುಟ್ಟದೆಯೇ ಒಂದಕ್ಕಿಂತ ಜಾಸ್ತಿ "ಲಾಭ" ಆಯ್ತು ಅಲ್ವಾ?

ಕಂಪನಿಯ 95 ಎನ್ನುವುದು ಎಂಜಿನ್‌ನ ತುದಿಯ ಫ್ಲೈವೀಲ್‌ನಲ್ಲಿ, ಗೇರ್‌ಬಾಕ್ಸ್‌ಗೆ ಹೋಗುವ ಮೊದಲು ಸಿಗುವ ಶಕ್ತಿ. ಚಾಸಿ ಡೈನೋದ ರೋಲರ್ ಮೇಲೆ ಕಾರು ನಿಲ್ಲಿಸಿದಾಗ ಸಿಗುವುದು ಚಕ್ರದ ಶಕ್ತಿ. ನಡುವೆ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಟಯರ್ ಎಲ್ಲ ತಮ್ಮ ಪಾಲು ತಿಂದಿರುತ್ತವೆ. "ಶೇಕಡಾ 15 ಸೇರಿಸಿಬಿಡಿ" ಎಂದು ಹೇಳುವವರಿದ್ದಾರೆ. ನನಗೆ ಆ ಲೆಕ್ಕ ಇಷ್ಟವಿಲ್ಲ. ಎಣ್ಣೆಯ ಬಿಸಿ, ವೇಗ, ಟಯರ್ ನೋಡಿಕೊಂಡು ಆ ನಷ್ಟ ಬದಲಾಗುತ್ತದೆ. ನಮಗೆ ಬೇಕಾದದ್ದು ವ್ಯತ್ಯಾಸ ಮಾತ್ರ. ಆದ್ದರಿಂದ ಚಕ್ರದ ಸಂಖ್ಯೆಯನ್ನು ಚಕ್ರದ ಸಂಖ್ಯೆಯ ಜೊತೆಗೇ ಹೋಲಿಸಿ. ಕಂಪನಿಯ 95ನ್ನು ಸುಮ್ನೆ ಬಿಟ್ಟುಬಿಡಿ.

ಈಗ ಗಾಳಿ. ಎಂಜಿನ್‌ನಲ್ಲಿ ಪೆಟ್ರೋಲ್ ಉರಿಯಲು ಆಮ್ಲಜನಕ ಬೇಕು. ಬಿಸಿ ಗಾಳಿ ತೆಳು, ಅದರಲ್ಲಿ ನೀರಾವಿ ಇದ್ದರೆ ಆಮ್ಲಜನಕದ ಜಾಗ ಇನ್ನೂ ಕಡಿಮೆ. ಅದಕ್ಕಾಗಿ ಐಎಸ್‌ಒ 1585 ಮಾನದಂಡ 25 ಡಿಗ್ರಿ ಸೆಲ್ಸಿಯಸ್ ಮತ್ತು 99 ಕಿಲೋಪಾಸ್ಕಲ್ ಒಣ ಗಾಳಿಯ ಒತ್ತಡವನ್ನು ಆಧಾರವಾಗಿ ಇಟ್ಟುಕೊಂಡಿದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್‌ಗೆ, ಅಳೆದ ಶಕ್ತಿಯನ್ನು ಈ ಗುಣಕದಿಂದ ಗುಣಿಸಬೇಕು:

(99 ÷ ಒಣ ಒತ್ತಡ) ಘಾತ 1.2 × (ಕೆಲ್ವಿನ್ ತಾಪ ÷ 298) ಘಾತ 0.6

ಜೂನ್ ತಿಂಗಳ ಒಂದು ಮಧ್ಯಾಹ್ನ ಎಂದುಕೊಳ್ಳಿ. 32 ಡಿಗ್ರಿ, ತೇವಾಂಶ ಶೇಕಡಾ 75, ಗಾಳಿಯ ಒತ್ತಡ 100.8 ಕಿಲೋಪಾಸ್ಕಲ್. ಅದರಲ್ಲಿ ನೀರಾವಿಯದ್ದೇ ಸುಮಾರು 3.6. ಒಣ ಒತ್ತಡ 97.2 ಉಳಿಯಿತು, ಗುಣಕ 1.037. ಡಿಸೆಂಬರ್ ಬೆಳಗ್ಗೆ 22 ಡಿಗ್ರಿ, ತೇವಾಂಶ 65, ಒತ್ತಡ 101.2 ಇದ್ದರೆ ಗುಣಕ 0.988. ಚಕ್ರದಲ್ಲಿ 75 ಎಚ್‌ಪಿ ಕೊಡುವ ಕಾರು ಜೂನ್‌ನಲ್ಲಿ 72.3 ತೋರಿಸುತ್ತದೆ, ಡಿಸೆಂಬರ್‌ನಲ್ಲಿ 75.9. ಎಂಜಿನ್‌ಗೆ ಏನೂ ಮಾಡದೆ ಮೂರೂವರೆ ಎಚ್‌ಪಿ! ಒಂದು ಏರ್ ಫಿಲ್ಟರ್, ಒಂದು ಎಕ್ಸಾಸ್ಟ್ ಬದಲಿಸಿ ಸಿಗುವ ಲಾಭ ಇದರೊಳಗೇ ಮುಳುಗಿಹೋಗಬಹುದು. ಗುಣಕ ಹಾಕದೆ ಹೋಲಿಸುವುದು ದಕ್ಕೆಯಲ್ಲಿ ಒದ್ದೆ ಬುಟ್ಟಿ ಸಮೇತ ಮೀನು ತೂಗಿದ ಹಾಗೆ.

ಮೊದಲಿನ ಅಳತೆ ಬೆಂಗಳೂರಿನಲ್ಲಿ, ಆಮೇಲಿನದು ಕರಾವಳಿಯಲ್ಲಿ ಎಂದರೆ ಕತೆ ಇನ್ನೂ ಕೆಡುತ್ತದೆ. 900 ಮೀಟರ್ ಎತ್ತರದಲ್ಲಿ ಒಟ್ಟು ಒತ್ತಡವೇ 91ರ ಆಸುಪಾಸು. ಗುಣಕ 1.12 ದಾಟುತ್ತದೆ. ಮಾನದಂಡ ಒಪ್ಪುವುದು 0.93ರಿಂದ 1.07ರವರೆಗೆ ಮಾತ್ರ.

ಗುಣಕ ಎಲ್ಲವನ್ನೂ ಸರಿಮಾಡುವುದಿಲ್ಲ. ಡೈನೋ ಅದೇ ಇರಬೇಕು, ಗೇರ್ ಅದೇ ಇರಬೇಕು. ಎಂಜಿಬಿಯಲ್ಲಿ ನಾಲ್ಕನೇ ಗೇರ್ ಒಂದಕ್ಕೊಂದು ಅನುಪಾತ, ಅದೇ ಒಳ್ಳೆಯದು. ಟಯರ್ ಗಾಳಿ, ಕಾರನ್ನು ರೋಲರ್ ಮೇಲೆ ಕಟ್ಟುವ ಬೆಲ್ಟ್‌ನ ಬಿಗಿ, ಎಣ್ಣೆಯ ಬಿಸಿ ಬರೆದಿಡಿ. ಪ್ರತಿ ಸ್ಥಿತಿಯಲ್ಲೂ ಕಡಿಮೆ ಎಂದರೆ ಮೂರು ಓಟ. ಆ ಮೂರರ ಮಧ್ಯೆಯೇ ಎರಡು ಎಚ್‌ಪಿ ಏರುಪೇರು ಇದ್ದರೆ, ಒಂದು ಎಚ್‌ಪಿ ಲಾಭದ ಮಾತು ಆಡಬೇಡಿ. ಸಾಧ್ಯವಾದರೆ ಹಳೆ ಭಾಗವನ್ನೇ ಮತ್ತೆ ಹಾಕಿ ಅಳೆಯಿರಿ. ಸಂಖ್ಯೆ ಹಿಂದಿನ ಜಾಗಕ್ಕೆ ಇಳಿದರೆ ಲಾಭ ನಿಜ. ಈ ಕೆಲಸ ಯಾರಿಗೂ ಬೇಡ, ಆದರೆ ಇಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ.

ಪೆಟ್ರೋಲ್ ಕೂಡ ನೋಡಬೇಕು. ಎಥನಾಲ್ ಇಲ್ಲದ ಪೆಟ್ರೋಲ್‌ಗೆ ಗಾಳಿ-ಇಂಧನ ಅನುಪಾತ 14.7, ಶೇಕಡಾ 20 ಎಥನಾಲ್ ಬೆರೆತ ಇ20ಗೆ ಸುಮಾರು 13.5. ಕಾರ್ಬೊರೇಟರ್‌ಗೆ ಇದು ಗೊತ್ತಾಗುವುದಿಲ್ಲ. ಅದರೊಳಗೆ ಪೆಟ್ರೋಲ್ ಅಳತೆ ಮಾಡುವ ಸೂಜಿ ಬದಲಿಸದಿದ್ದರೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ.

ತುದಿಯ ಒಂದೇ ಸಂಖ್ಯೆ ನೋಡಿ ಖುಷಿಪಡಬೇಡಿ, ಇಡೀ ಗ್ರಾಫ್ ನೋಡಿ. ವಾಲ್ವ್‌ಗಳನ್ನು ಜಾಸ್ತಿ ಹೊತ್ತು ತೆರೆದಿಡುವ "ಹಾಟ್" ಕ್ಯಾಮ್‌ಶಾಫ್ಟ್ ಹಾಕಿದರೆ ಶಕ್ತಿ 6000 ಆರ್‌ಪಿಎಂ ಹತ್ತಿರ ಏರುತ್ತದೆ, 2500ರಲ್ಲಿ ಇಳಿಯುತ್ತದೆ. ಆಗುಂಬೆ ಘಾಟಿಯ ತಿರುವಿನಿಂದ ಕಾರನ್ನು ಎಳೆಯುವುದು ಆ 2500.

ಡೈನೋ ಸಿಗದಿದ್ದರೆ? ಚಾಲಕನೂ ಸೇರಿ 1000 ಕಿಲೋ ಕಾರು 60ರಿಂದ 90 ಕಿಲೋಮೀಟರ್ ವೇಗಕ್ಕೆ ಬರಲು ಸುಮಾರು 1,73,600 ಜೂಲ್ ಬೇಕು. 5 ಸೆಕೆಂಡು ಹಿಡಿದರೆ ಸರಾಸರಿ 46.6 ಎಚ್‌ಪಿ, 4.7 ಸೆಕೆಂಡಾದರೆ 49.5. ಇದರಲ್ಲಿ ಗಾಳಿಯ ತಡೆ ಸೇರಿಲ್ಲ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿದರೆ 0.3 ಸೆಕೆಂಡು ಸುಲಭವಾಗಿ ತಪ್ಪುತ್ತದೆ, ಅಷ್ಟರಲ್ಲಿ ಮೂರು ಎಚ್‌ಪಿ ಹೋಯ್ತು. ಆದ್ದರಿಂದ ಜಿಪಿಎಸ್ ಲಾಗರ್ ಬಳಸಿ, ಒಂದೇ ಗೇರ್‌ನಲ್ಲಿ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಿರಿ. ಹೆದ್ದಾರಿ 66ರಲ್ಲಿ ಬೇಡ, ಮುಚ್ಚಿದ ಟ್ರ್ಯಾಕ್ ಬೇಕು. ಹೊರಡುವ ಮೊದಲು ಲಾರಿ ತೂಗುವಲ್ಲಿ ಕಾರನ್ನು ತೂಗಿಸಿಕೊಳ್ಳಿ. ತೂಕ 50 ಕಿಲೋ ತಪ್ಪಾದರೆ ಉತ್ತರವೂ ಶೇಕಡಾ 5 ತಪ್ಪುತ್ತದೆ.