ರೆಪಾಸಿಟರಿ ಕಟ್ಟುವುದು ಸುಲಭ, ತುಂಬಿಸುವುದೇ ಕಷ್ಟ

ವಿಶ್ವವಿದ್ಯಾಲಯದಲ್ಲಿ ನಡೆದ ಸಂಶೋಧನೆ ಕೊನೆಗೆ ಎಲ್ಲಿ ಹೋಗುತ್ತದೆ? ಲೇಖನ ಯಾವುದೋ ದುಬಾರಿ ಜರ್ನಲ್‌ನಲ್ಲಿ, ಪಿಎಚ್‌ಡಿ ಪ್ರಬಂಧ ಗ್ರಂಥಾಲಯದ ಕಪಾಟಿನಲ್ಲಿ, ಪ್ರಯೋಗದ ಡೇಟಾ ಯಾರದೋ ಲ್ಯಾಪ್‌ಟಾಪ್‌ನಲ್ಲಿ. ಅವರು ಕೆಲಸ ಬಿಟ್ಟರೆ ಡೇಟಾನೂ ಹೋಯಿತು. ಇದನ್ನೆಲ್ಲ ಒಂದೇ ಕಡೆ ಸೇರಿಸಿ, ಸಾಧ್ಯವಾದಷ್ಟನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡುವ ವ್ಯವಸ್ಥೆಯೇ ಡಿಜಿಟಲ್ ರೆಪಾಸಿಟರಿ.

ಸಾಫ್ಟ್‌ವೇರ್‌ಗೇನೂ ಬರವಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಇಪ್ರಿಂಟ್ಸ್ 2000ದಲ್ಲೇ ಬಂತು. 2002ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಮತ್ತು ಕಂಪ್ಯೂಟರ್ ಕಂಪನಿ ಎಚ್‌ಪಿ ಸೇರಿ ಡಿಸ್ಪೇಸ್ ಹೊರತಂದವು. ಎರಡೂ ಉಚಿತ. ಕೆಲಸ ಬಲ್ಲ ಒಬ್ಬ ಸಿಸ್ಟಂ ಅಡ್ಮಿನ್ ಇದ್ದರೆ ಸರ್ವರ್ ಮೇಲೆ ಕೂರಿಸುವುದು ದೊಡ್ಡ ಮಾತಲ್ಲ. ಉದ್ಘಾಟನೆಯೂ ಆಗುತ್ತದೆ, ಫೋಟೋನೂ ಬರುತ್ತದೆ. ಆಮೇಲೆ ಎಷ್ಟೋ ರೆಪಾಸಿಟರಿಗಳು ಖಾಲಿ ಹೊಡೆಯುತ್ತವೆ.

ಬೆವರು ಹರಿಯುವುದು ಮೆಟಾಡೇಟಾ ತುಂಬುವಾಗ. ಶೀರ್ಷಿಕೆ, ಲೇಖಕ, ವಿಷಯ, ದಿನಾಂಕ ಹೀಗೆ ಕಡತದ ಬಗೆಗಿನ ವಿವರಗಳಿವು. ಹೆಚ್ಚು ಬಳಕೆಯಲ್ಲಿರುವ ಡಬ್ಲಿನ್ ಕೋರ್ ಪದ್ಧತಿಯಲ್ಲಿ ಮೂಲತಃ ಇರುವುದು ಬರೀ 15 ಅಂಶ. ಅಷ್ಟೇನಾ ಅನಿಸುತ್ತದೆ ಅಲ್ವಾ? ದಿನಾಂಕದ ಜಾಗದಲ್ಲಿ ಒಬ್ಬರು 03/04/2012 ಎಂದು ತುಂಬುತ್ತಾರೆ. ಅದು ಏಪ್ರಿಲ್ 3ರೋ, ಮಾರ್ಚ್ 4ರೋ? ತುಂಬಿದವರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೇ 2012-04-03 ಎಂದು ವರ್ಷ ಮೊದಲಿಟ್ಟು ಬರೆಯುವ ನಿಯಮ. ಹೆಸರಿನದ್ದು ಇನ್ನೂ ತಲೆನೋವು. ಒಂದು ಲೇಖನದಲ್ಲಿ ಇನಿಷಿಯಲ್ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ಪೂರ್ತಿ ಹೆಸರು. ಕಂಪ್ಯೂಟರಿನ ಲೆಕ್ಕದಲ್ಲಿ ಮೂವರು ಬೇರೆ ಬೇರೆ. 2012ರಲ್ಲಿ ಶುರುವಾದ ಆರ್ಕಿಡ್ (ORCID) ಎಂಬ ವ್ಯವಸ್ಥೆ ನೋಂದಾಯಿಸಿಕೊಂಡ ಪ್ರತಿ ಸಂಶೋಧಕರಿಗೂ ಒಂದು ಕಾಯಂ ಗುರುತಿನ ಸಂಖ್ಯೆ ಕೊಟ್ಟು ಈ ಗೋಜಲನ್ನು ಬಿಡಿಸುತ್ತಿದೆ.

ಇಷ್ಟೆಲ್ಲ ಯಾಕೆ ಬೇಕು ಅಂದರೆ, ರೆಪಾಸಿಟರಿಗಳ ಈ ವಿವರಗಳನ್ನು ಹುಡುಕಾಟ ಸೇವೆಗಳ ಕಂಪ್ಯೂಟರುಗಳು ಬಂದು ಕೊಯ್ಲು ಮಾಡಿಕೊಂಡು ಹೋಗುತ್ತವೆ. ಆ ಕೊಯ್ಲಿಗೆ ಎರಡೂ ಕಡೆಯ ಕಂಪ್ಯೂಟರುಗಳು ಪಾಲಿಸುವ ಒಎಐ-ಪಿಎಂಎಚ್ ಎಂಬ ನಿಯಮಾವಳಿ 2001ರಿಂದ ಬಳಕೆಯಲ್ಲಿದೆ. ವಿವರ ತಪ್ಪಿದ್ದರೆ ಹುಡುಕಿದವರಿಗೆ ಸಿಗುವುದಿಲ್ಲ, ಲೇಖನ ಇದ್ದೂ ಇಲ್ಲದಂತೆ.

ಸರಿ, ಕಡತ ಹಾಕುವವರು ಯಾರು? ಸುಮ್ನೆ ಕೇಳಿಕೊಂಡರೆ ಜಾಸ್ತಿ ಜನ ಹಾಕುವುದಿಲ್ಲ. ಸಮಯವಿಲ್ಲ ಅನ್ನುತ್ತಾರೆ, ಪ್ರಕಾಶಕರು ಏನಂತಾರೋ ಎಂಬ ಅಂಜಿಕೆಯೂ ಇರುತ್ತದೆ. ಎಷ್ಟೋ ಪ್ರಕಾಶಕರು, ತಜ್ಞರ ಪರಿಶೀಲನೆ ಮುಗಿದು ಸ್ವೀಕೃತವಾದ ಹಸ್ತಪ್ರತಿಯನ್ನು ಹಾಕಲು ಬಿಡುತ್ತಾರೆ. ಕೆಲವೊಮ್ಮೆ ಒಂದಷ್ಟು ತಿಂಗಳು ಕಾಯಬೇಕು, ಅಷ್ಟೇ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯ ಬೇರೆ ದಾರಿ ಹಿಡಿಯಿತು. 2008ರಲ್ಲಿ ಓರ್ಬಿ ಎಂಬ ರೆಪಾಸಿಟರಿ ತೆರೆದು, ಬಡ್ತಿಗೆ ಅರ್ಜಿ ಹಾಕಿದರೆ ಅದರಲ್ಲಿರುವ ಲೇಖನಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಎಂದಿತು. ಕಡತಗಳು ತಾವಾಗಿ ಬಂದವು. ನನ್ನ ಪ್ರಕಾರ ನೂರು ಸುತ್ತೋಲೆಗಿಂತ ಇದೊಂದು ನಿಯಮ ಮೇಲು.

ಬಂದದ್ದು ಕೆಡದಂತೆ ನೋಡಿಕೊಳ್ಳಬೇಕಲ್ಲ. ಡಿಸ್ಕ್‌ನಲ್ಲಿ ಸುಮ್ಮನೆ ಬಿದ್ದಿದ್ದ ಕಡತವೂ ಹಾಳಾಗಬಹುದು. ಹಾಗಾಗಿ ಕಡತ ಒಳಬಂದಾಗಲೇ ಅದರ ಚೆಕ್‌ಸಮ್, ಅಂದರೆ ಕಡತದ ಬೆರಳಚ್ಚಿನಂಥ ಗುರುತು, ಲೆಕ್ಕ ಹಾಕಿ ಇಡುತ್ತಾರೆ. ಶಾ-256 ವಿಧಾನದಲ್ಲಿ ಇದು ಸಾಮಾನ್ಯವಾಗಿ 64 ಅಕ್ಷರ-ಅಂಕಿಗಳ ಸಾಲು. ಮುನ್ನೂರು ಪುಟದ ಪ್ರಬಂಧದಲ್ಲಿ ಒಂದು ಅಲ್ಪವಿರಾಮ ತೆಗೆದರೂ ಇಡೀ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ. ಆಗಾಗ ಮತ್ತೆ ಲೆಕ್ಕ ಹಾಕಿ ಹಳೆಯದರ ಜೊತೆ ಹೋಲಿಸುತ್ತಾರೆ. ತಾಳೆಯಾಗದಿದ್ದರೆ ಬೇರೆ ಊರಿನಲ್ಲಿಟ್ಟ ಪ್ರತಿಯಿಂದ ಸರಿಪಡಿಸುತ್ತಾರೆ. ಈ ಕೆಲಸಕ್ಕೆ ಉದ್ಘಾಟನೆ ಇಲ್ಲ, ಫೋಟೋ ಇಲ್ಲ. ಬಜೆಟ್‌ನಲ್ಲಿ ಮೊದಲು ಕತ್ತರಿ ಬೀಳುವುದೂ ಹೆಚ್ಚಾಗಿ ಇದಕ್ಕೇ.